ಸಮ್ಮೋಹನ: ಮಲಪ್ರಭೆಯ ಸೀಮೆಯಲ್ಲಿ ನಂಬಿಕೆ ಮತ್ತು ವಿಜ್ಞಾನ

ಗಮನ ಒಂದೇ ಕಡೆ ನಾಟಿ, ಸುತ್ತಲಿನ ಸದ್ದುಗದ್ದಲ ಹಿಂದೆ ಸರಿದು, ಕೊಟ್ಟ ಸೂಚನೆಗೆ ಮನಸ್ಸೂ ಮೈಯೂ ಎಂದಿಗಿಂತ ಹೆಚ್ಚಾಗಿ ಓಗೊಡುವ ಸ್ಥಿತಿಗೆ ಸಮ್ಮೋಹನ ಎಂದು ಹೆಸರು. ಹಿಪ್ನಾಟಿಸಂ, ಹಿಪ್ನೋಸಿಸ್ ಎಂಬ ಮಾತುಗಳೂ ಬಳಕೆಯಲ್ಲಿವೆ. ನೋವು, ಆತಂಕ, ಕರುಳಿನ ಕಿರಿಕಿರಿಯಂಥ ಕೆಲವು ತೊಂದರೆಗಳಲ್ಲಿ ಇದನ್ನು ಚಿಕಿತ್ಸೆಯಾಗಿ ಬಳಸಲು ಒಳ್ಳೆಯ ಪುರಾವೆ ಇದೆ. ಜನ ಆಸೆಯಿಂದ ಹುಡುಕಿಕೊಂಡು ಹೋಗುವ ಇನ್ನು ಹಲವಕ್ಕೆ ಇಲ್ಲ.

ಮಲಪ್ರಭಾ ನದಿಯ ಸೀಮೆಯಾದ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಈ ವಿಷಯ ತೆಗೆದರೆ ಬೇರೆ ಬೇರೆ ಸಂಗತಿಗಳು ಒಂದೇ ಗಂಟಿನಲ್ಲಿ ಸಿಕ್ಕಿಕೊಂಡು ಬರುತ್ತವೆ. ಜಾತ್ರೆಯ ಜಾದೂಗಾರನ ಆಟ, ಎಲ್ಲಮ್ಮನ ಗುಡ್ಡದಲ್ಲಿ ಮೈಮೇಲೆ ಬರುವ ದೇವರು, ಬಸ್ ಸ್ಟ್ಯಾಂಡಿನಲ್ಲಿ ಮಂಕುಬೂದಿ ಎರಚಿ ಬಂಗಾರ ಒಯ್ದ ಸುದ್ದಿ, ಗೋಡೆಗೆ ಅಂಟಿಸಿದ ವಶೀಕರಣದ ಜಾಹೀರಾತು, ದೊಡ್ಡ ಊರಿನ ಡಾಕ್ಟರು ಮಾಡುತ್ತಾರೆಂದು ಕೇಳಿದ ಹಿಪ್ನಾಟಿಸಂ, ಎಲ್ಲವೂ ಒಂದೇ ವಿದ್ಯೆಯ ಕವಲುಗಳೆಂಬ ಭಾವನೆ. ಇವುಗಳನ್ನು ಒಟ್ಟಿಗೆ ಹಿಡಿದಿರುವ ಊಹೆ ಒಂದೇ: ಶಕ್ತಿ ಇರುವುದು ಮಾಡುವವನ ಕಣ್ಣಿನಲ್ಲೋ ಕೈಯಲ್ಲೋ ಮಂತ್ರದಲ್ಲೋ, ಎದುರಿಗೆ ಕೂತವನು ಸುಮ್ಮನೆ ಸಿಕ್ಕಿಬೀಳುತ್ತಾನೆ. ಇನ್ನೂರು ವರ್ಷಗಳ ವಿಚಾರಣೆ ತೋರಿಸಿಕೊಟ್ಟಿರುವುದು ಇದರ ತಿರುಗುಮುರುಗನ್ನು.

ಚರಿತ್ರೆ

ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ವಿಯೆನ್ನಾದಿಂದ ಪ್ಯಾರಿಸ್ಸಿಗೆ ಬಂದ ಫ್ರಾಂಜ್ ಆಂಟನ್ ಮೆಸ್ಮರ್ (1734–1815) ಎಂಬ ವೈದ್ಯ, ಮನುಷ್ಯರ ಮೈಯೊಳಗೆ ಕಾಣದ ಕಾಂತದ್ರವ ಹರಿಯುತ್ತದೆ, ಅದರ ಹರಿವು ಕೆಟ್ಟರೆ ರೋಗ ಬರುತ್ತದೆ, ಕೈಯಾಡಿಸಿ ಅದನ್ನು ಸರಿಪಡಿಸಬಲ್ಲೆ ಎಂದು ಹೇಳಿ ಹೆಸರು ಮಾಡಿದ. 1784ರಲ್ಲಿ ಫ್ರಾನ್ಸಿನ ಅರಸು ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೆ ಮೊದಲಾದವರ ಆಯೋಗ ನೇಮಿಸಿ ತನಿಖೆ ಮಾಡಿಸಿದ. ಆಯೋಗದ ಒಂದು ಪರೀಕ್ಷೆ ಇಂದಿಗೂ ಮಾದರಿ. ಪಾಸಿ ಎಂಬಲ್ಲಿ ಫ್ರಾಂಕ್ಲಿನ್ ಇದ್ದ ಮನೆಯ ತೋಟದ ಒಂದು ಮರಕ್ಕೆ ಮೆಸ್ಮರನ ಶಿಷ್ಯ ‘ಕಾಂತಶಕ್ತಿ’ ತುಂಬಿದ. ಹನ್ನೆರಡು ವರ್ಷದ ಹುಡುಗನೊಬ್ಬನ ಕಣ್ಣು ಕಟ್ಟಿ ಒಂದೊಂದೇ ಮರವನ್ನು ತಬ್ಬಿಸುತ್ತ ಬಂದರು. ಹುಡುಗ ಬೆವರಿದ, ಕೆಮ್ಮಿದ, ತಲೆ ತಿರುಗುತ್ತಿದೆ ಎಂದ. ನಾಲ್ಕನೆಯ ಮರದ ಬುಡದಲ್ಲಿ ಎಚ್ಚರ ತಪ್ಪಿ ಬಿದ್ದ. ಶಕ್ತಿ ತುಂಬಿದ ಮರ ಅದಾಗಿರಲಿಲ್ಲ. ಹುಡುಗ ಅದನ್ನು ಮುಟ್ಟಿಯೇ ಇರಲಿಲ್ಲ. ಕಾಂತದ್ರವ ಎಂಬುದೇ ಇಲ್ಲ, ಆದದ್ದೆಲ್ಲ ಕಲ್ಪನೆಯಿಂದ ಎಂದು ಆಯೋಗ ವರದಿ ಬರೆಯಿತು. ತೀರ್ಪು ಸರಿಯಾಗಿತ್ತು. ಆದರೆ ಬರೀ ಕಲ್ಪನೆಗೆ ಒಬ್ಬ ಹುಡುಗನನ್ನು ನೆಲಕ್ಕೆ ಕೆಡಹುವಷ್ಟು ಬಲ ಎಲ್ಲಿಂದ ಬಂತು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವನು ನಮ್ಮ ಘಟ್ಟದ ಕೆಳಗಿನವನು. ಗೋವೆಯ ಕ್ಯಾಂಡೋಲಿಮ್‌ನಲ್ಲಿ 1756ರಲ್ಲಿ ಹುಟ್ಟಿದ ಜುಜೆ ಕುಸ್ತೋದಿಯೊ ದ ಫಾರಿಯಾ ಹದಿಹರೆಯದಲ್ಲೇ ತಂದೆಯ ಜೊತೆ ಪೋರ್ಚುಗಲ್ಲಿಗೆ ಹೋಗಿ, ರೋಮಿನಲ್ಲಿ ಓದಿ ಪಾದ್ರಿಯಾದ. ಅವನ ಬಗ್ಗೆ ಗೋವೆಯಲ್ಲಿ ಒಂದು ಕಥೆ ಬಲು ಪ್ರಸಿದ್ಧ. ಪೋರ್ಚುಗಲ್ಲಿನ ರಾಣಿಯ ಎದುರು ಪ್ರವಚನಕ್ಕೆ ನಿಂತವನಿಗೆ ದೊಡ್ಡವರನ್ನೆಲ್ಲ ಕಂಡು ನಾಲಿಗೆ ಹೊರಳಲಿಲ್ಲವಂತೆ. ಹತ್ತಿರ ಕೂತಿದ್ದ ತಂದೆ ಕೊಂಕಣಿಯಲ್ಲಿ, ಇವರೆಲ್ಲ ಬರೀ ಕಾಯಿಪಲ್ಯ, ಕತ್ತರಿಸಿಹಾಕು ಎಂದು ಪಿಸುಗುಟ್ಟಿದ ಕೂಡಲೇ ಹೆದರಿಕೆ ಹಾರಿಹೋಗಿ ಮಾತು ಸರಾಗವಾಯಿತಂತೆ. ನಡೆದದ್ದೋ ಕಟ್ಟಿದ್ದೋ, ಒಂದು ಮಾತು ಮೈಮನಸ್ಸನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗುವುದು ಕಷ್ಟ.

1813ರಲ್ಲಿ ಫಾರಿಯಾ ಪ್ಯಾರಿಸ್ಸಿನಲ್ಲಿ ಸಾರ್ವಜನಿಕ ತರಗತಿ ಆರಂಭಿಸಿದ. ಕುರ್ಚಿಯಲ್ಲಿ ಕೂರಿಸಿ, ಮನಸ್ಸು ನಿಲ್ಲಿಸಲು ಹೇಳಿ, ‘ಮಲಗಿ’ ಎಂದು ಗಟ್ಟಿಯಾಗಿ ಆಜ್ಞೆ ಮಾಡುವುದು ಅವನ ಕ್ರಮ. ಮೆಸ್ಮರನ ಹಾಗೆ ಅವನು ತನ್ನ ಶಕ್ತಿಯನ್ನು ಕೊಂಡಾಡಿಕೊಳ್ಳಲಿಲ್ಲ. ದ್ರವವೂ ಇಲ್ಲ, ಕಾಂತವೂ ಇಲ್ಲ, ಮಾಡುವವನ ಇಚ್ಛಾಶಕ್ತಿಯೂ ಇದಕ್ಕೆ ಕಾರಣವಲ್ಲ, ಒಳಗಾಗುವವನ ಮನಸ್ಸಿನಲ್ಲೇ ಎಲ್ಲ ಇದೆ, ಕೆಲವರಿಗೆ ಅದು ಸಲೀಸು, ಕೆಲವರಿಗೆ ಆಗುವುದೇ ಇಲ್ಲ ಎಂದು ವಾದಿಸಿದ. ನಟನೊಬ್ಬ ನಿದ್ದೆ ಬಂದಂತೆ ನಟಿಸಿ ಅವನನ್ನು ಪೇಚಿಗೆ ಸಿಕ್ಕಿಸಿದ. ನಾಟಕದವರು ಗೇಲಿ ಮಾಡಿದರು. 1819ರಲ್ಲಿ ಬಡವನಾಗಿಯೇ ತೀರಿಕೊಂಡ. ಅವನ ಹೆಸರನ್ನು ಅಲೆಕ್ಸಾಂಡರ್ ಡ್ಯೂಮಾ ಒಂದು ಕಾದಂಬರಿಯ ಮುದುಕ ಕೈದಿಗೆ ಇಟ್ಟು ಉಳಿಸಿದ.

ಬೈಲಹೊಂಗಲ, ಕಿತ್ತೂರಿನ ಕಡೆಯವರು ಗೋವೆಗೆ ಹೋದಾಗ ಪಣಜಿಯ ಹಳೆಯ ಸಚಿವಾಲಯದ ಪಕ್ಕದಲ್ಲಿ ಫಾರಿಯಾನ ಕಂಚಿನ ಪ್ರತಿಮೆ ನೋಡಿಯೇ ಇರುತ್ತಾರೆ. ರಾಮಚಂದ್ರ ಪಾಂಡುರಂಗ ಕಾಮತರು ಮಾಡಿದ, 1945ರಲ್ಲಿ ನಿಲ್ಲಿಸಿದ ಪ್ರತಿಮೆ ಅದು. ನಿಲುವಂಗಿ ತೊಟ್ಟ ಫಾರಿಯಾ ಎರಡೂ ಕೈ ಚಾಚಿ ಬಾಗಿ ನಿಂತಿದ್ದಾನೆ. ಅವನ ಕೈಯಡಿ ಹೆಂಗಸೊಬ್ಬಳು ಹಿಂದಕ್ಕೆ ವಾಲಿ ಕುಸಿಯುತ್ತಿದ್ದಾಳೆ. ಶಿಲ್ಪವಾಗಿ ನೋಡಿದರೆ ಬಹಳ ಶಕ್ತ. ಫಾರಿಯಾನ ವಾದಕ್ಕೆ ಮಾತ್ರ ನೇರ ವಿರುದ್ಧ: ಬೆರಳುಗಳಿಂದ ಏನೋ ಹರಿದು ಆಕೆಯನ್ನು ಕೆಡಹುತ್ತಿದೆ ಎಂದೇ ನೋಡಿದವರಿಗೆ ಅನ್ನಿಸುತ್ತದೆ. ತಾನು ಅಲ್ಲಗಳೆದ ನಂಬಿಕೆಯ ಸ್ಮಾರಕವಾಗಿ ಅವನು ನಿಂತುಬಿಟ್ಟಿದ್ದಾನೆ.

ಮುಂದಿನ ಚರಿತ್ರೆ ಬೇಗ ಹೇಳಿ ಮುಗಿಸುವಂಥದು. ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ 1843ರ ತನ್ನ ಪುಸ್ತಕದ ಮೂಲಕ ಹಿಪ್ನಾಟಿಸಂ ಎಂಬ ಹೆಸರನ್ನು ಚಾಲ್ತಿಗೆ ತಂದ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜೇಮ್ಸ್ ಎಸ್ಡೇಲ್, ಕತ್ತಲೆ ಕೋಣೆಯಲ್ಲಿ ರೋಗಿಯ ಮೇಲೆ ಗಂಟೆಗಟ್ಟಲೆ ಕೈಯಾಡಿಸುವ ಹಳೆಯ ಕ್ರಮದಿಂದಲೇ ಮಂಪರು ಬರಿಸಿ, ವೃಷಣದ ದೊಡ್ಡ ಗಡ್ಡೆಗಳನ್ನು ಕೊಯ್ದು ತೆಗೆದ. ಕೈಯಾಡಿಸುವ ಬೆವರಿನ ಕೆಲಸ ಮಾಡಿದವರು ಅವನ ಬಂಗಾಳಿ ಸಹಾಯಕರು. ಮರುವರ್ಷ ಕಲ್ಕತ್ತೆಯಲ್ಲಿ ಅದಕ್ಕೆಂದೇ ಒಂದು ಆಸ್ಪತ್ರೆ ತೆರೆಯಿತು. ಅಷ್ಟರಲ್ಲಿ ಈಥರ್, 1847ರಲ್ಲಿ ಕ್ಲೋರೋಫಾರ್ಮ್ ಬಂದವು. ನಿಮಿಷಗಳಲ್ಲಿ, ಎಲ್ಲರ ಮೇಲೂ ಕೆಲಸ ಮಾಡುವ ಔಷಧಿಯ ಎದುರು ಕೆಲವರ ಮೇಲಷ್ಟೇ ನಡೆಯುವ ವಿಧಾನ ನಿಲ್ಲಲಿಲ್ಲ. ಫ್ರಾನ್ಸಿನಲ್ಲಿ ನರವೈದ್ಯ ಶಾರ್ಕೊ ಸಮ್ಮೋಹನವನ್ನು ನರರೋಗದ ಲಕ್ಷಣ ಎಂದ. ನಾನ್ಸಿ ಊರಿನ ವೈದ್ಯ ಬರ್ನ್‌ಹೈಮ್ ಇದು ಸೂಚನೆಯ ಫಲ, ಆರೋಗ್ಯವಂತರಲ್ಲೂ ಆಗುತ್ತದೆ ಎಂದ. ಗೆದ್ದದ್ದು ಬರ್ನ್‌ಹೈಮ್. ಫ್ರಾಯ್ಡ್ ಕೆಲವು ಕಾಲ ಬಳಸಿ ಬಿಟ್ಟ. 1955ರಲ್ಲಿ ಬ್ರಿಟನ್ನಿನ, 1958ರಲ್ಲಿ ಅಮೆರಿಕದ ವೈದ್ಯ ಸಂಘಗಳು ಇದಕ್ಕೆ ಚಿಕಿತ್ಸೆಯಲ್ಲಿ ಜಾಗವಿದೆ ಎಂದು ಒಪ್ಪಿದವು.

ಎಸ್ಡೇಲ್ ಹೂಗ್ಲಿಯಲ್ಲಿ ಚಾಕು ಹಿಡಿದ ಅದೇ 1845ರಲ್ಲಿ ಧಾರವಾಡದಲ್ಲಿ ಹುಚ್ಚಾಸ್ಪತ್ರೆ ಶುರುವಾಯಿತು. ಅದು ಇಂದಿನ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಡಿಮ್ಹಾನ್ಸ್. ‘ಇವನ್ನ ಧಾರವಾಡಕ್ಕ ಕಳಸಬೇಕು’ ಎಂಬುದು ಈ ಸೀಮೆಯಲ್ಲಿ ಇಂದಿಗೂ ಬೈಗುಳವೇ. ಮನಸ್ಸಿನ ಯಾವ ತೊಂದರೆಗೂ ಜನ ಮೊದಲು ಗುಡಿಗೋ ಹೇಳಿಕೆ ಕೇಳುವಲ್ಲಿಗೋ ಹೋಗಿ, ಆಸ್ಪತ್ರೆಯನ್ನು ಕೊನೆಗೆ ಇಟ್ಟುಕೊಳ್ಳುವುದರಲ್ಲಿ ಆ ಬೈಗುಳದ ಪಾಲೂ ಇದೆ.

ಕುರ್ಚಿಯಲ್ಲಿ ಆಗುವುದು

ಚಿಕಿತ್ಸೆಯ ಕೋಣೆಯಲ್ಲಿ ನೋಡಲು ಹೆಚ್ಚೇನೂ ಇರುವುದಿಲ್ಲ. ತೂಗಾಡುವ ಗಡಿಯಾರ ಸಿನಿಮಾದವರದು. ವೈದ್ಯರು ಮೊದಲು ತೊಂದರೆಯ ಪೂರ್ತಿ ಕಥೆ ಕೇಳುತ್ತಾರೆ, ಏನಾಗುತ್ತದೆ ಏನಾಗುವುದಿಲ್ಲ ಎಂದು ವಿವರಿಸಿ ಒಪ್ಪಿಗೆ ಪಡೆಯುತ್ತಾರೆ. ಆಮೇಲೆ ಗೋಡೆಯ ಮೇಲಿನ ಒಂದು ಚುಕ್ಕಿಯನ್ನು ನೋಡುತ್ತ ಉಸಿರಾಟ ಗಮನಿಸಲು ಹೇಳುತ್ತಾರೆ. ಕಣ್ಣು ದಣಿದು ತಾವಾಗಿ ಮುಚ್ಚುತ್ತವೆ. ‘ಬಲಗೈ ಹಗರ ಆಗಾಕತ್ತೈತಿ, ಯಾರೋ ದಾರ ಕಟ್ಟಿ ಎತ್ತಿಧಂಗ ತಾನ ಮ್ಯಾಲ ಏಳತೈತಿ’ ಎಂದು ನಿಧಾನವಾಗಿ ಹೇಳುತ್ತ ಹೋದರೆ, ಕೆಲವರ ಬೆರಳು ಮಿಡುಕಿ, ಮಣಿಕಟ್ಟು ಕುರ್ಚಿಯ ತೋಳನ್ನು ಬಿಟ್ಟು ಅರ್ಧ ಗೇಣು ಮೇಲೆ ನಿಲ್ಲುತ್ತದೆ. ಎತ್ತಿದ್ದು ತಾನೇ ಎಂದು ಅವರಿಗೆ ಗೊತ್ತು. ಆದರೆ ಎತ್ತಿದೆ ಎಂದು ಅನ್ನಿಸುವುದಿಲ್ಲ. ಸಮ್ಮೋಹನದ ತಿರುಳು ಈ ಅನುಭವದಲ್ಲಿದೆ. ನಂತರ ನೋವಿನ ಜಾಗ ಮರಗಟ್ಟುವುದೋ, ಹೊಟ್ಟೆಯ ಹಿಡಿತ ಸಡಿಲುವುದೋ, ಬೇಕಾದ ಸೂಚನೆ. ಮುಗಿಯುವಾಗ ಐದರಿಂದ ಒಂದಕ್ಕೆ ಎಣಿಸಿ ಕಣ್ಣು ಬಿಡಿಸುತ್ತಾರೆ. ಮನೆಯಲ್ಲಿ ತಾವೇ ಮಾಡಿಕೊಳ್ಳುವುದನ್ನು ಕಲಿಸುವುದೂ ಉಂಟು.

ಇಲ್ಲಿ ಭಾಷೆಯ ಮಾತು ಮುಖ್ಯ. ಇಂಗ್ಲಿಷ್ ಪಠ್ಯಗಳು ಸಮುದ್ರದ ದಂಡೆಯನ್ನು ಊಹಿಸಿಕೊಳ್ಳಿ ಎನ್ನುತ್ತವೆ. ಸಮುದ್ರ ನೋಡದ ಮುನವಳ್ಳಿಯ ರೈತನಿಗೆ ಅದನ್ನು ಓದಿ ಹೇಳುವುದರಲ್ಲಿ ಅರ್ಥವಿಲ್ಲ. ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನ ದಂಡೆ, ಸಂಜೆಯ ತಂಪು, ನೇಗಿಲು ಬಿಚ್ಚಿದ ಎತ್ತಿನ ಕೊರಳ ಗಂಟೆ ಎಂದರೆ ಮನಸ್ಸು ತಾನೇ ಅಲ್ಲಿಗೆ ಹೋಗುತ್ತದೆ. ಪುಸ್ತಕದ ಕನ್ನಡದಲ್ಲಿ ‘ನೀವು ವಿಶ್ರಾಂತರಾಗುತ್ತಿದ್ದೀರಿ’ ಎಂದರೆ ಜನ ಮೈ ಬಿಗಿ ಹಿಡಿಯುತ್ತಾರೆ.

ಎಲ್ಲರಿಗೂ ಇದು ಸಮನಾಗಿ ಹತ್ತುವುದಿಲ್ಲ. 1959ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ನೆಸ್ಟ್ ಹಿಲ್ಗಾರ್ಡ್ ಮತ್ತು ಆಂದ್ರೆ ವೈಟ್ಜೆನ್‌ಹಾಫರ್ 12 ಸೂಚನೆಗಳ ಒಂದು ಅಳತೆಗೋಲು ರೂಪಿಸಿದರು. ಕೈ ಇಳಿಯುವುದು, ತೋಳು ಮಡಿಸಲಾಗದಂತೆ ಸೆಟೆಯುವುದು, ಇಲ್ಲದ ನೊಣದ ಗುಂಯ್‌ಗುಡುವಿಕೆ ಕೇಳಿಸುವುದು, ಹೀಗೆ. ಹತ್ತರಿಂದ ಹದಿನೈದು ಶೇಕಡಾ ಜನ ಬಹುಪಾಲು ಸೂಚನೆಗಳಿಗೆ ಸ್ಪಂದಿಸುತ್ತಾರೆ, ಸರಿಸುಮಾರು ಅಷ್ಟೇ ಜನ ಬಹುತೇಕ ಯಾವುದಕ್ಕೂ ಜಗ್ಗುವುದಿಲ್ಲ, ಉಳಿದವರು ನಡುವೆ. 25 ವರ್ಷಗಳ ನಂತರ ಅದೇ ಜನರನ್ನು ಮತ್ತೆ ಪರೀಕ್ಷಿಸಿದಾಗ ಅಂಕಗಳು ಹೆಚ್ಚು ಬದಲಾಗಿರಲಿಲ್ಲ. ಮಾಡುವವನ ಪ್ರತಾಪ ಇದರಲ್ಲಿ ಎಷ್ಟು ಕಡಿಮೆ ಎಂಬುದಕ್ಕೆ ಇಷ್ಟು ಸಾಕು. ದಡ್ಡರಿಗೆ, ದುರ್ಬಲ ಮನಸ್ಸಿನವರಿಗೆ ಬೇಗ ಹತ್ತುತ್ತದೆ ಎಂಬುದೂ ಸುಳ್ಳು. ಕಥೆ, ಸಂಗೀತ, ನಾಟಕದಲ್ಲಿ ಮೈಮರೆಯಬಲ್ಲವರಿಗೆ ಹೆಚ್ಚು ಸುಲಭ.

ಇದು ನಿದ್ದೆಯೂ ಅಲ್ಲ. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರೆ ಎಚ್ಚರದವೇ ಕಾಣುತ್ತವೆ. 1997ರಲ್ಲಿ ಪಿಯೆರ್ ರೈನ್‌ವಿಲ್ ಮತ್ತು ಸಂಗಡಿಗರು ಬಿಸಿನೀರಿನಲ್ಲಿ ಕೈ ಇಟ್ಟವರಿಗೆ, ಬಿಸಿ ಅಷ್ಟೇ ಇದ್ದರೂ ಅದರ ಹಿಂಸೆ ಕಡಿಮೆಯಾಗಿದೆ ಎಂದು ಸಮ್ಮೋಹನದಲ್ಲಿ ಸೂಚನೆ ಕೊಟ್ಟರು. ಮಿದುಳಿನಲ್ಲಿ ನೋವಿನ ಸಂಕಟವನ್ನು ನಿಭಾಯಿಸುವ ಭಾಗದ ಚಟುವಟಿಕೆ ಅದಕ್ಕೆ ತಕ್ಕಂತೆ ಇಳಿಯಿತು. ನಟನೆ ಎಂದು ತಳ್ಳಿಹಾಕುವವರಿಗೆ ಇದು ಕಷ್ಟದ ಸಾಕ್ಷ್ಯ. ಬೆಲ್ಜಿಯಮ್ಮಿನ ಲಿಯೆಜ್ ಆಸ್ಪತ್ರೆಯಲ್ಲಿ 1992ರಿಂದ ಸಮ್ಮೋಹನವನ್ನು ಅಲ್ಪ ಪ್ರಮಾಣದ ಔಷಧಿ ಮತ್ತು ಸ್ಥಳೀಯ ಅರಿವಳಿಕೆಯ ಜೊತೆ ಸೇರಿಸಿ ಸಾವಿರಾರು ಶಸ್ತ್ರಚಿಕಿತ್ಸೆ ಮಾಡಿದ್ದಾರೆ. ಮದ್ದಿಗೆ ಬಗ್ಗದ ಕರುಳಿನ ಕಿರಿಕಿರಿಗೆ 2008ರಲ್ಲಿ ಬ್ರಿಟನ್ನಿನ ಸರಕಾರಿ ಮಾರ್ಗಸೂಚಿಯೇ ಇದನ್ನು ಸೂಚಿಸಿತು. ಬೀಡಿ ಸಿಗರೇಟು ಬಿಡಿಸುವುದರಲ್ಲಿ ಪುರಾವೆ ಸಾಲದು. ‘ಒಂದ ಸರ್ತಿ ಕುಂತ್ರ ಕುಡಿತ ಬಿಡಸ್ತೇವಿ’ ಎನ್ನುವ ಪಾಂಪ್ಲೆಟ್ ಕಂಡರೆ ಜೇಬು ಮುಟ್ಟಿ ನೋಡಿಕೊಳ್ಳುವುದು ಲೇಸು. ಭ್ರಮೆ, ವಿಕಲ್ಪಗಳಿರುವ ತೀವ್ರ ಮನೋರೋಗದಲ್ಲಿ ಇದನ್ನು ಸಾಮಾನ್ಯವಾಗಿ ಮಾಡುವುದಿಲ್ಲ.

ಒಮ್ಮೆ ಒಳಗೆ ಹೋದವರು ಮರಳಿ ಬರದಿದ್ದರೆ ಎಂಬ ಭಯ ಬಹಳ ಜನರಿಗಿದೆ. ವೈದ್ಯರು ಎದ್ದು ಹೋದರೂ ಸ್ವಲ್ಪ ಹೊತ್ತಿಗೆ ಕಣ್ಣು ಬಿಡುತ್ತಾರೆ, ಇಲ್ಲವೇ ನಿಜವಾದ ನಿದ್ದೆ ಹತ್ತಿ ಆಮೇಲೆ ಏಳುತ್ತಾರೆ. ಮನಸ್ಸಿಲ್ಲದ ಕೆಲಸ ಮಾಡಿಸಬಹುದೆ ಎಂಬ ಪ್ರಶ್ನೆ ಇದಕ್ಕಿಂತ ಗಂಭೀರ. 1965ರಲ್ಲಿ ಮಾರ್ಟಿನ್ ಓರ್ನ್ ಮತ್ತು ಫ್ರೆಡರಿಕ್ ಇವಾನ್ಸ್, ಸಮ್ಮೋಹನಕ್ಕೊಳಗಾದವರಿಗೆ ವಿಷದ ಹಾವನ್ನು ಹಿಡಿಯಲು, ಆಮ್ಲದಲ್ಲಿ ಕೈ ಅದ್ದಲು, ಆಮ್ಲವನ್ನು ಸಹಾಯಕನ ಮುಖಕ್ಕೆ ಎರಚಲು ಹೇಳಿದರು. ಅಪಾಯ ಆಗದಂತೆ ಮರೆಯಲ್ಲಿ ಏರ್ಪಾಡಿತ್ತು. ಹೆಚ್ಚಿನವರು ಮಾಡಿಯೇಬಿಟ್ಟರು. ಆದರೆ ಸಮ್ಮೋಹನಕ್ಕೆ ಒಳಗಾಗದೆ ಸುಮ್ಮನೆ ನಟಿಸುತ್ತಿದ್ದವರೂ ಅಷ್ಟೇ ಸಲೀಸಾಗಿ ಮಾಡಿದರು. ವಿಶ್ವವಿದ್ಯಾಲಯದ ಪ್ರಯೋಗ, ನಿಜವಾಗಿ ಹಾನಿ ಆಗಲು ಬಿಡಲಾರರು ಎಂದು ಎಲ್ಲರಿಗೂ ಒಳಗೊಳಗೇ ಗೊತ್ತಿತ್ತು. ಜಾತ್ರೆಯ ವೇದಿಕೆಯಲ್ಲೂ ಹೀಗೇ. ಮೊದಲು ಗುಂಪಿಗೆಲ್ಲ ಕೈಬೆರಳು ಹೆಣೆಯಲು ಹೇಳಿ, ಬಿಡಿಸಲಾಗದೆ ಒದ್ದಾಡಿದವರನ್ನೇ ಜಾದೂಗಾರ ಮೇಲೆ ಕರೆಯುತ್ತಾನೆ. ಊರ ಮುಂದೆ ಕುಣಿಯಲು ಒಂದು ನೆವ ಬೇಕಾಗಿದ್ದವರು ಅವರಲ್ಲಿ ಸಾಕಷ್ಟು ಜನ ಇರುತ್ತಾರೆ.

ನೆನಪಿನ ಮಾತು ಬೇರೆ, ಇಲ್ಲಿ ನಿಜವಾದ ಅಪಾಯವಿದೆ. ಸಮ್ಮೋಹನದಲ್ಲಿ ಮರೆತದ್ದೆಲ್ಲ ಹೊರಬರುತ್ತದೆ, ಸುಳ್ಳು ಹೇಳಲಾಗದು ಎಂಬ ಎರಡು ನಂಬಿಕೆಗಳೂ ತಪ್ಪು. ಹೊರಬರುವುದರಲ್ಲಿ ನಿಜದ ಜೊತೆ ಕಟ್ಟಿಕೊಂಡದ್ದೂ ಬರುತ್ತದೆ, ಮತ್ತು ಎರಡನ್ನೂ ಹೇಳುವವರು ಒಂದೇ ಖಚಿತತೆಯಿಂದ ಹೇಳುತ್ತಾರೆ. 1950ರ ದಶಕದಲ್ಲಿ ಅಮೆರಿಕದ ಗೃಹಿಣಿಯೊಬ್ಬಳು ತಾನು ಹಿಂದಿನ ಜನ್ಮದಲ್ಲಿ ಐರ್ಲೆಂಡಿನ ಬ್ರೈಡಿ ಮರ್ಫಿ ಎಂದು ಸಮ್ಮೋಹನದಲ್ಲಿ ವಿವರವಾಗಿ ಹೇಳಿದಳು. ಪತ್ರಕರ್ತರು ಹುಡುಕಿದಾಗ, ಆಕೆಯ ಬಾಲ್ಯದಲ್ಲಿ ಎದುರಿನ ಮನೆಯಲ್ಲಿದ್ದ ಐರಿಷ್ ಹೆಂಗಸಿನ ಸುಳಿವು ಸಿಕ್ಕಿತು. ಪುನರ್ಜನ್ಮವನ್ನು ಮೊದಲೇ ನಂಬಿರುವ ನಮ್ಮಲ್ಲಿ ಇಂಥ ಕಥೆ ಇನ್ನೂ ಬೇಗ ಹುಟ್ಟುತ್ತದೆ. 2004ರ ‘ಆಪ್ತಮಿತ್ರ’ ಸಿನಿಮಾ ನೋಡಿದ ಮೇಲೆ ಮನೋವೈದ್ಯರೆಂದರೆ ಅರಮನೆಯಲ್ಲಿ ನಾಗವಲ್ಲಿಯನ್ನು ಎಬ್ಬಿಸಿ ಇಳಿಸುವವರು ಎಂದು ತಿಳಿದವರೂ ಇದ್ದಾರೆ.

ಮಂಕುಬೂದಿ

ಹಳ್ಳಿಯಿಂದ ಆಸ್ಪತ್ರೆಗೋ ಸಂತೆಗೋ ಬಂದ ಹಿರಿಯ ಹೆಂಗಸನ್ನು ಬೈಕಿನ ಮೇಲೆ ಬಂದ ಇಬ್ಬರು ನಿಲ್ಲಿಸುತ್ತಾರೆ. ‘ಯವ್ವಾ, ನಾವು ಪೊಲೀಸರು. ಮುಂದಿನ ಓಣ್ಯಾಗ ದರೋಡೆ ಆಗೇತಿ, ನೀ ಹಿಂಗ ಬಂಗಾರ ಹಾಕ್ಕೊಂಡು ಹೊಂಟಿಯಲ್ಲಾ. ತಗದು ಪದರಾಗ ಕಟ್ಕೊ.’ ಮೂರನೆಯವನೊಬ್ಬ ಆಕೆಯ ಎದುರೇ ತನ್ನ ಸರ ತೆಗೆದು ಕಾಗದದಲ್ಲಿ ಸುತ್ತಿಸಿಕೊಳ್ಳುತ್ತಾನೆ. ಆಕೆಯೂ ಬೋರಮಾಳ, ಬಳೆ ಬಿಚ್ಚಿ ಕೊಡುತ್ತಾಳೆ. ಸುತ್ತಿದ ಪೊಟ್ಟಣ ಮರಳಿ ಕೈಗೆ ಬರುತ್ತದೆ. ಮನೆಯಲ್ಲಿ ಬಿಚ್ಚಿದರೆ ಹರಳುಕಲ್ಲು. ‘ಏನ ಹಾಕಿದ್ರೋ ಏನೋ, ನನಗ ಖಬರೇ ಇರಲಿಲ್ಲ’ ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ. ಪತ್ರಿಕೆಯ ತಲೆಬರಹದಲ್ಲಿ ಮಂಕುಬೂದಿ ಬರುತ್ತದೆ, ಟಿವಿಯಲ್ಲಿ ಹಿಪ್ನಾಟಿಸಂ.

ಈ ಬಗೆಯ ಮೋಸ ಊರೂರಲ್ಲೂ ಒಂದೇ ಅಚ್ಚಿನಲ್ಲಿ ನಡೆಯುತ್ತದೆ. ಇದರಲ್ಲಿ ಸಮ್ಮೋಹನವೂ ಇಲ್ಲ, ಬೂದಿಯೂ ಇಲ್ಲ. ಪೊಲೀಸ್ ಎಂಬ ಅಧಿಕಾರದ ಹೆದರಿಕೆ, ಯೋಚಿಸಲು ಬಿಡದ ಅವಸರ, ಕಣ್ಣೆದುರು ಇನ್ನೊಬ್ಬ ಒಪ್ಪಿಕೊಂಡದ್ದು, ಹಿರಿಯರಲ್ಲಿರುವ ದಾಕ್ಷಿಣ್ಯ, ಇಷ್ಟು ಸಾಕು. ‘ಡಿಜಿಟಲ್ ಅರೆಸ್ಟ್’ ಹೆಸರಿನಲ್ಲಿ ವೀಡಿಯೊ ಕಾಲ್ ಮಾಡಿ ಓದಿದವರಿಂದಲೇ ಲಕ್ಷಗಟ್ಟಲೆ ಹಣ ಹಾಕಿಸಿಕೊಳ್ಳುವವರ ಕೈಯಲ್ಲೂ ಇರುವುದು ಇವೇ ಹತಾರು. ಫೋನಿನಲ್ಲಿ ಬೂದಿ ಎರಚಲು ಬರುವುದಿಲ್ಲ. ಆದರೂ ಮಂಕುಬೂದಿಯ ಕಥೆ ಗಟ್ಟಿಯಾಗಿ ಉಳಿದಿರುವುದಕ್ಕೆ ಕಾರಣವಿದೆ. ಮೋಸ ಹೋದೆ ಎಂದರೆ ಮನೆಯಲ್ಲಿ ಗಂಡ, ಸೊಸೆ, ಮೊಮ್ಮಕ್ಕಳು ಬೈಯುತ್ತಾರೆ. ಏನೋ ಹಾಕಿದರು ಎಂದರೆ ಅಯ್ಯೋ ಅನ್ನುತ್ತಾರೆ. ಬಂಗಾರದ ಜೊತೆ ಮರ್ಯಾದೆಯನ್ನೂ ಕಳೆದುಕೊಳ್ಳಲು ಯಾರಿಗೆ ಮನಸ್ಸಿದ್ದೀತು? ಹಾಗೆ ಹೇಳುವವರು ಸುಳ್ಳು ಹೇಳುತ್ತಿರುವುದೂ ಅಲ್ಲ. ಹೆದರಿಕೆಯಲ್ಲಿ ಮಾಡಿದ್ದನ್ನು ಆಮೇಲೆ ನೆನೆದರೆ ತಾನು ಮಾಡಿದ್ದು ಅನ್ನಿಸದಿರುವುದು ಸಹಜ.

ಮತ್ತು ಬರಿಸಿ ದೋಚುವುದು ಬೇರೆ ಅಪರಾಧ, ಅದು ನಿಜವಾಗಿಯೂ ಇದೆ. ಪ್ರಯಾಣದಲ್ಲಿ ಪರಿಚಯ ಮಾಡಿಕೊಂಡು ಕೊಡುವ ಚಹಾ, ಬಿಸ್ಕೀಟಿನಲ್ಲಿ ನಿದ್ದೆ ಮಾತ್ರೆಯನ್ನೋ ಮದುಗುಣಿಕೆಯ ಬೀಜವನ್ನೋ ಬೆರೆಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ದಾರಿಗಳ್ಳರ ಬಗೆಗಿನ ಬ್ರಿಟಿಷ್ ದಾಖಲೆಗಳಲ್ಲೂ ಮದುಗುಣಿಕೆ ಬರುತ್ತದೆ. ಅದು ಹೊಟ್ಟೆಗೆ ಹೋಗಬೇಕು, ಏರಲು ಹೊತ್ತು ಬೇಕು, ಏರಿದ ಮೇಲೆ ಮನುಷ್ಯ ತೊದಲುತ್ತಾನೆ, ಬೀಳುತ್ತಾನೆ, ಬಾಯಿ ಒಣಗಿ ಬಡಬಡಿಸುತ್ತಾನೆ; ಹೇಳಿದ ಹಾಗೆ ಅಚ್ಚುಕಟ್ಟಾಗಿ ಬಂಗಾರ ಬಿಚ್ಚಿ ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ. ತನಿಖೆಗೆ ಈ ವ್ಯತ್ಯಾಸ ಬೇಕು. ಏನಾದರೂ ತಿಂದು ಕುಡಿದದ್ದಿದ್ದರೆ ಬೇಗನೆ ರಕ್ತ, ಮೂತ್ರದ ಪರೀಕ್ಷೆ ಆಗಬೇಕು. ಅಪರಾಧ ಮಾಡುವ ಉದ್ದೇಶದಿಂದ ವಿಷ ಅಥವಾ ಮತ್ತಿನ ಪದಾರ್ಥ ಕೊಡುವುದು ಭಾರತೀಯ ನ್ಯಾಯ ಸಂಹಿತೆಯ 123ನೆಯ ಕಲಮಿನಲ್ಲಿ ಪ್ರತ್ಯೇಕ ಅಪರಾಧ. ‘ಮಂಕುಬೂದಿ ಹಾಕಿದ್ರು’ ಎಂದು ಬರೆದುಕೊಂಡು ಕೈಬಿಟ್ಟರೆ ಎರಡೂ ಬಗೆಯ ಕಳ್ಳರಿಗೆ ಅನುಕೂಲ.

ಗುಡ್ಡದ ಮೇಲೆ

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಕರ್ನಾಟಕ, ಮಹಾರಾಷ್ಟ್ರ, ಗೋವಾ, ಆಂಧ್ರ, ತೆಲಂಗಾಣಗಳಿಂದ ಲಕ್ಷಾಂತರ ಜನ ಬರುತ್ತಾರೆ. ಜೋಗುಳಬಾವಿಯಲ್ಲಿ ಮಿಂದು, ಭಂಡಾರ ಹಚ್ಚಿಕೊಂಡು, ಚಕ್ಕಡಿ ಕಟ್ಟಿಕೊಂಡು ಬಂದವರು ಮೇಲೆ ಹತ್ತುತ್ತಾರೆ. ಜೋಗತಿಯರ ತಲೆಯ ಮೇಲೆ ಜಗ, ಕಂಕುಳಲ್ಲಿ ಚೌಡಿಕೆ. ಚೌಡಿಕೆಯ ಒಂದೇ ತಂತಿ ಒಂದೇ ಲಯದಲ್ಲಿ ಬಹಳ ಹೊತ್ತು ನುಡಿಯುತ್ತದೆ, ಸುತ್ತಲಿನವರ ಉಧೋ ಉಧೋ ಏರುತ್ತ ಹೋಗುತ್ತದೆ, ಗಾಳಿಯ ತುಂಬ ಅರಿಸಿನದ ಧೂಳು. ಗುಂಪಿನಲ್ಲಿ ಒಬ್ಬಳ ಉಸಿರು ಬಿರುಸಾಗುತ್ತದೆ, ಹೆಗಲು ಅದುರುತ್ತದೆ, ತುರುಬು ಬಿಚ್ಚಿ ತಲೆ ತೂಗಲು ಶುರುವಾಗುತ್ತದೆ. ‘ತಾಯಿ ಬಂದಾಳ’ ಎಂದು ಪಕ್ಕದವರು ಜಾಗ ಬಿಟ್ಟು ಕೈ ಮುಗಿಯುತ್ತಾರೆ.

ಇದು ಸಮ್ಮೋಹನವೇ? ಹೌದೆಂದು ಒಂದೇ ಮಾತಿನಲ್ಲಿ ಹೇಳುವ ವಿಚಾರವಾದಿಗಳಿದ್ದಾರೆ. ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ್ದ ಅಬ್ರಹಾಂ ಕೋವೂರ್ (1898–1978) ದೆವ್ವ ಹಿಡಿದವರೆಂದು ಕರೆತಂದವರಿಗೆ ಸಮ್ಮೋಹನದಿಂದಲೇ ಚಿಕಿತ್ಸೆ ಮಾಡುತ್ತಿದ್ದರು. ಎರಡರ ನಡುವೆ ಹೋಲಿಕೆ ಇರುವುದು ನಿಜ: ಗಮನ ಒಂದೆಡೆ ನಿಲ್ಲುತ್ತದೆ, ನಿರೀಕ್ಷೆ ಬಲವಾಗಿರುತ್ತದೆ, ಮಾಡಿದ್ದು ತಾನಲ್ಲ ಎಂಬ ಅನುಭವ ಬರುತ್ತದೆ. ಆದರೆ ಗುಡ್ಡದಲ್ಲಿ ಸೂಚನೆ ಕೊಡುವ ಒಬ್ಬ ವ್ಯಕ್ತಿ ಇಲ್ಲ, ಚಿಕ್ಕಂದಿನಿಂದ ಕಂಡದ್ದು ಕೇಳಿದ್ದೇ ಸೂಚನೆ. ಮತ್ತು ಅಲ್ಲಿ ಆಗುವ ಕೆಲಸ ಬೇರೆ. ವರ್ಷವಿಡೀ ಅತ್ತೆಯ ಮುಂದೆ ತುಟಿ ಬಿಚ್ಚದ ಸೊಸೆ ದೇವಿಯ ದನಿಯಲ್ಲಿ ಮಾತಾಡಿದರೆ ಇಡೀ ಮನೆ ಕುಕ್ಕರಗಾಲಲ್ಲಿ ಕೂತು ಕೇಳುತ್ತದೆ. ಇದನ್ನೆಲ್ಲ ಹಿಪ್ನಾಟಿಸಂ ಎಂಬ ಒಂದು ಚೀಟಿ ಹಚ್ಚಿ ಪಕ್ಕಕ್ಕಿಟ್ಟರೆ ತಿಳಿವಳಿಕೆ ಹೆಚ್ಚುವುದಿಲ್ಲ.

ವೈದ್ಯಶಾಸ್ತ್ರವೂ ಈಗ ಇಲ್ಲಿ ಗೆರೆ ಎಳೆದಿದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆವೇಶದ ಕಾಯಿಲೆ ಎಂಬ ಒಂದು ಹೆಸರುಂಟು. ಆದರೆ ಸಮುದಾಯ ಒಪ್ಪಿದ ಆಚರಣೆಯ ಒಳಗೆ ಬಂದು ಹೋಗುವ ಆವೇಶ ಅದರಲ್ಲಿ ಸೇರುವುದಿಲ್ಲ. ಬೇಡವೆಂದರೂ ಮತ್ತೆ ಮತ್ತೆ ಬರುವುದು, ಹೊಲಮನೆ ಕೆಲಸ ಕೆಡುವುದು, ಮನುಷ್ಯ ಸಂಕಟಪಡುವುದು ಇದ್ದರೆ ಮಾತ್ರ ಅದು ಕಾಯಿಲೆ. ಕರ್ನಾಟಕದಲ್ಲಿ ಈ ವಿಷಯವನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಧ್ಯಯನ ಮಾಡಿದವರಲ್ಲಿ ಸಿ. ಆರ್. ಚಂದ್ರಶೇಖರ್ ಒಬ್ಬರು; ಜನರಿಗೆ ತಿಳಿಯುವ ಕನ್ನಡದಲ್ಲಿ ಅವರು ಬರೆದದ್ದೂ ಬಹಳ. ಅವರಿಗೂ ಮೊದಲು ‘ಕೊರವಂಜಿ’ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಕುರಿತ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಿದ್ದರು.

ಗೌರವದಿಂದ ನೋಡಬೇಕು ಎಂದರೆ ಎಲ್ಲವನ್ನೂ ಒಪ್ಪಬೇಕು ಎಂದೇನೂ ಆಗಬೇಕಿಲ್ಲ. ಹುಡುಗಿಯ ಕೂದಲು ಜಡೆಗಟ್ಟಿದ್ದೇ ಎಲ್ಲಮ್ಮನ ಕರೆ ಎಂದು ಮುತ್ತು ಕಟ್ಟಿ ದೇವದಾಸಿಯಾಗಿ ಬಿಟ್ಟ ಕಾಲವಿತ್ತು; 1982ರ ದೇವದಾಸಿ ನಿಷೇಧ ಕಾಯಿದೆ ಬಂದದ್ದು ಅದಕ್ಕಾಗಿ. ಗಾಳಿ ಸೋಂಕಿದೆ, ಕರಣಿ ಮಾಡಿಸಿದ್ದಾರೆ ಎಂದು ಹೊಡೆಯುವುದು, ಹೊಗೆ ಹಾಕುವುದು ಇಂದಿಗೂ ಪೂರ್ತಿ ನಿಂತಿಲ್ಲ.

ನೋವೇ ಕಾಣದ ಇನ್ನೊಂದು ನೋಟ ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರನ ಜಾತ್ರೆಯದು. ಗೆಜ್ಜೆ ಕಟ್ಟಿ, ಕತ್ತಿ ಹಿಡಿದ ಪುರವಂತರು ಸಂಬಾಳದ ಬಡಿತಕ್ಕೆ ಒಡಪು ಹೇಳುತ್ತ ಕುಣಿಯುತ್ತಾರೆ. ಶಸ್ತ್ರ ಹಾಕಿಕೊಳ್ಳುವುದೆಂದರೆ ಕೆನ್ನೆಯಲ್ಲಿ ತಂತಿಯನ್ನೋ ದಬ್ಬಣವನ್ನೋ ಹಾಯಿಸಿಕೊಳ್ಳುವುದು. ಮುಖದಲ್ಲಿ ನೋವಿನ ಗೆರೆ ಕಾಣುವುದಿಲ್ಲ. ಇಲ್ಲಿ ಸಮ್ಮೋಹನದ ಅಧ್ಯಯನ ನಿಜಕ್ಕೂ ಸಹಾಯಕ್ಕೆ ಬರುತ್ತದೆ: ಗಮನ, ನಿರೀಕ್ಷೆ, ಲಯ ಮೂರೂ ಸೇರಿದರೆ ಅದೇ ಗಾಯದ ಸಂಕಟವನ್ನು ಮಿದುಳು ಕಡಿಮೆ ಮಾಡಬಲ್ಲದು. ಮೊಹರಮ್ಮಿನ ಅಲಾವಿಯಲ್ಲಿ ಕೆಂಡ ತುಳಿಯುವುದಕ್ಕೆ ಮಾತ್ರ ಇಷ್ಟೂ ಬೇಕಿಲ್ಲ; ಬೂದಿ ಮುಸುಕಿದ ಕಟ್ಟಿಗೆಯ ಕೆಂಡ ಶಾಖವನ್ನು ನಿಧಾನವಾಗಿ ದಾಟಿಸುತ್ತದೆ, ಕಾಲು ಅಲ್ಲಿ ನಿಲ್ಲುವುದು ಕ್ಷಣ ಮಾತ್ರ.

ಕಾನೂನು ಮತ್ತು ಆಸ್ಪತ್ರೆ

2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯಿದೆ, ದೆವ್ವ ಬಿಡಿಸುವ ನೆವದಲ್ಲಿ ಹೊಡೆದು ಹಿಂಸಿಸುವುದನ್ನು, ದವಡೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಳು ಚುಚ್ಚುವ ಬಾಯಿಬೀಗವನ್ನು ನಿಷೇಧಿಸುತ್ತದೆ. ಮಂತ್ರ, ತಾಯಿತಗಳಿಂದ ರೋಗ ವಾಸಿ ಎಂಬ ಜಾಹೀರಾತಿಗೆ 1954ರ ಕೇಂದ್ರ ಕಾಯಿದೆಯಲ್ಲೇ ತಡೆ ಇದೆ. ಕಾಯಿದೆ ಹಳೆಯದು, ಗೋಡೆಯ ಮೇಲಿನ ಅಂಟು ಹೊಸದು.

ಪೊಲೀಸರು ಹಿಪ್ನಾಟಿಸಂ ಮಾಡಿ ಬಾಯಿ ಬಿಡಿಸುತ್ತಾರೆ ಎಂಬ ನಂಬಿಕೆಯ ಹಿಂದೆ ಇರುವುದು ಮಂಪರು ಪರೀಕ್ಷೆಯ ಸುದ್ದಿಗಳು. ಅದರಲ್ಲಿ ಸೋಡಿಯಂ ಪೆಂಟೊಥಾಲ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ, ಅದು ಸಮ್ಮೋಹನವಲ್ಲ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳು ನಕಾಶೆ ಮಾಡುವಂತಿಲ್ಲ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಲಾಗದು ಎಂದು ತೀರ್ಪು ಕೊಟ್ಟಿತು.

ಬ್ರಿಟನ್ನಿನಲ್ಲಿ ವೇದಿಕೆಯ ಸಮ್ಮೋಹನ ಪ್ರದರ್ಶನಕ್ಕೆ 1952ರಿಂದ ಪ್ರತ್ಯೇಕ ಕಾಯಿದೆ ಇದೆ. ಭಾರತದಲ್ಲಿ ಸಮ್ಮೋಹನ ಚಿಕಿತ್ಸೆಗೆ ಇರುವ ಆಧಾರವೆಂದರೆ ಕೇಂದ್ರ ಆರೋಗ್ಯ ಸಚಿವಾಲಯದ 2003ರ ನವೆಂಬರಿನ ಆದೇಶ. ನೋಂದಾಯಿತ ವೈದ್ಯರು ಅಥವಾ ತಕ್ಕ ತರಬೇತಿ ಪಡೆದವರು ಇದನ್ನು ಒಂದು ಚಿಕಿತ್ಸಾ ವಿಧಾನವಾಗಿ ಬಳಸಬಹುದು, ಸ್ವತಂತ್ರ ವೈದ್ಯಪದ್ಧತಿಯಾಗಿ ಅಲ್ಲ ಎಂಬುದು ಅದರ ಸಾರ. ವಾರಾಂತ್ಯದ ಕೋರ್ಸು ಮುಗಿಸಿ ಬೋರ್ಡು ಹಾಕಿಕೊಂಡವರನ್ನು ನೋಡುವಾಗ ಇದು ನೆನಪಿರಬೇಕು. ಗೋಡೆಯ ಸರ್ಟಿಫಿಕೇಟಿನಲ್ಲಿ ಎಂ.ಬಿ.ಬಿ.ಎಸ್. ಮೇಲಿನ ಮನೋವೈದ್ಯ ಪದವಿಯೋ, ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಯ ಪದವಿಯೋ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಕಿಲ್ಲ.

ಈ ನಾಲ್ಕು ತಾಲ್ಲೂಕುಗಳವರಿಗೆ ಹತ್ತಿರದ ದೊಡ್ಡ ಸರಕಾರಿ ಮಾನಸಿಕ ಆಸ್ಪತ್ರೆ ಧಾರವಾಡದ್ದೇ. ಕಿತ್ತೂರಿನಿಂದ ಹೆದ್ದಾರಿಯಲ್ಲಿ ಒಂದು ತಾಸಿನೊಳಗಿನ ದಾರಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಗೆ ಮಂಗಳವಾರ ಗೊತ್ತು ಮಾಡಿದ್ದಾರೆ. ಮಂಗಳವಾರ ಎಲ್ಲಮ್ಮನ ವಾರವೂ ಹೌದು. ಬೆಳಿಗ್ಗೆ ಗುಡ್ಡ ಹತ್ತಿ ಬಂದು ಮಧ್ಯಾಹ್ನದೊಳಗೆ ಸವದತ್ತಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವುದಕ್ಕೆ ಅಡ್ಡಿಯೇನಿಲ್ಲ. ಫೋನಿನಲ್ಲಿ ಕೇಳುವವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. ಸಂಖ್ಯೆ 14416, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.